ಎಲಿಂಗ್ಟನ್ ಹಾಳೆಗಳು ಮತ್ತು ಶಾಲೆಯ ಬ್ಯಾಂಡು

ನ್ಯೂಯಾರ್ಕಿನ ‘ಜಾಝ್ ಅಟ್ ಲಿಂಕನ್ ಸೆಂಟರ್’ ಸಂಸ್ಥೆ ಹೈಸ್ಕೂಲು ಮಕ್ಕಳ ಜಾಝ್ ಬ್ಯಾಂಡುಗಳಿಗಾಗಿ ‘ಎಸೆನ್ಷಿಯಲಿ ಎಲಿಂಗ್ಟನ್’ ಎಂಬ ಸ್ಪರ್ಧೆಯನ್ನೂ ಉತ್ಸವವನ್ನೂ 1996ರಿಂದ ನಡೆಸಿಕೊಂಡು ಬಂದಿದೆ. ಮೇ ತಿಂಗಳು ಹತ್ತಿರವಾದಂತೆ ಸಿಯಾಟಲ್ ಸುತ್ತಮುತ್ತಲಿನ ಸಂಗೀತಪ್ರಿಯ ತಂದೆತಾಯಂದಿರ ನಡುವೆ ಯಾವ ಶಾಲೆ ಅಂತಿಮ ಸುತ್ತಿಗೆ ಆಯ್ಕೆಯಾಯಿತು, ಯಾವುದಕ್ಕೆ ಸ್ವಲ್ಪದರಲ್ಲಿ ತಪ್ಪಿತು ಎಂಬುದೇ ಮಾತಾಗಿರುತ್ತದೆ. ನನ್ನ ಮಗಳು ನಮ್ಮ ಬಡಾವಣೆಯ ಶಾಲೆಯ ಬ್ಯಾಂಡಿನಲ್ಲಿ ಟ್ರಂಬೋನ್ ನುಡಿಸತೊಡಗಿದ ಮೇಲೆ ಆ ಮಾತುಕತೆಗೆ ನಾನೂ ಸೇರಿದೆ. ಆದರೆ ಅಭ್ಯಾಸದ ಕೋಣೆಯಲ್ಲಿ ಕುರ್ಚಿ ಜೋಡಿಸುತ್ತ, ಹಾಳೆ ಹಂಚುತ್ತ, ಹಿಂದಿನ ಗೋಡೆಗೆ ಒರಗಿ ಕೇಳುತ್ತ ಕಳೆದ ಸಂಜೆಗಳಲ್ಲಿ ನನಗೆ ಮನದಟ್ಟಾದದ್ದು ಇಷ್ಟು: ಈ ಕಾರ್ಯಕ್ರಮದ ನಿಜವಾದ ಕೊಡುಗೆ ಎಂದರೆ ಸ್ಪರ್ಧೆಗೆ ಎಷ್ಟೋ ತಿಂಗಳು ಮುಂಚೆ, ಸ್ಪರ್ಧೆಗೆ ಬರಲಿ ಬಾರದಿರಲಿ, ಹೆಸರು ನೋಂದಾಯಿಸಿದ ಶಾಲೆಗಳಿಗೆ ಉಚಿತವಾಗಿ ಸಿಗುವ ಸ್ವರಲಿಪಿಯ ಹಾಳೆಗಳು. ಎಳೆಯ ವಾದಕರಿಗೆ ಮೊದಲು ಬೇಕಾದದ್ದು ಒಳ್ಳೆಯ ಸಂಗೀತ ಮತ್ತು ಅದನ್ನು ಬಲ್ಲ ಮೇಷ್ಟ್ರು. ಪದಕದ ಮಾತು ಆಮೇಲಿನದು.

ಹಾಳೆಗಳನ್ನು ಕೊಡುವುದರಲ್ಲಿ ಅಂಥ ದೊಡ್ಡದೇನಿದೆ ಎಂದು ಕೇಳಬಹುದು. ಜಾಝ್ ರಚನೆಕಾರ ಡ್ಯೂಕ್ ಎಲಿಂಗ್ಟನ್ 1899ರಲ್ಲಿ ವಾಷಿಂಗ್ಟನ್ ನಗರದಲ್ಲಿ ಹುಟ್ಟಿ 1974ರಲ್ಲಿ ತೀರಿಕೊಂಡ. ಸುಮಾರು ಐವತ್ತು ವರ್ಷ ತನ್ನದೇ ವಾದ್ಯವೃಂದವನ್ನು ಮುನ್ನಡೆಸಿದ ಆತ ಬರೆದದ್ದು ‘ಎರಡನೆಯ ಟ್ರಂಪೆಟ್’, ‘ಮೊದಲನೆಯ ಆಲ್ಟೋ ಸ್ಯಾಕ್ಸೊಫೋನ್’ ಎಂಬ ಅನಾಮಿಕ ಸ್ಥಾನಗಳಿಗಲ್ಲ. ಎದುರಿಗೆ ಕುಳಿತ ಜಾನಿ ಹಾಜಸ್, ಕೂಟಿ ವಿಲಿಯಮ್ಸ್, 1927ರಿಂದ ಕೊನೆಯವರೆಗೂ ಜೊತೆಗಿದ್ದ ಹ್ಯಾರಿ ಕಾರ್ನಿ ಇವರ ಉಸಿರು, ಬೆರಳು, ಸ್ವಭಾವಗಳನ್ನು ಬಲ್ಲವನಾಗಿ ಬರೆಯುತ್ತಿದ್ದ. ಹಾಳೆಯ ನೆತ್ತಿಯ ಮೇಲೆ ವಾದ್ಯದ ಹೆಸರಿರುವ ಕಡೆ ವಾದಕನ ಹೆಸರು ಇರುತ್ತಿತ್ತು. ಅಭ್ಯಾಸದ ಹೊತ್ತಿನಲ್ಲಿ ಬಾಯಿಮಾತಿನಲ್ಲೇ ಬದಲಾವಣೆಗಳಾಗುತ್ತಿದ್ದವು, ಅವು ಕಾಗದಕ್ಕೆ ಇಳಿಯುತ್ತಲೇ ಇರಲಿಲ್ಲ. ಹೀಗಾಗಿ ಇಪ್ಪತ್ತನೆಯ ಶತಮಾನದ ಅಮೆರಿಕದ ಅತಿ ದೊಡ್ಡ ಸಂಗೀತ ರಚನೆಕಾರರಲ್ಲೊಬ್ಬನ ಕೃತಿಗಳು ಧ್ವನಿಮುದ್ರಿಕೆಗಳಲ್ಲಿ ಎಲ್ಲರಿಗೂ ಕೇಳುತ್ತಿದ್ದರೂ, ಒಂದು ಶಾಲೆಯ ಬ್ಯಾಂಡು ಅವನ್ನು ಇದ್ದ ಹಾಗೇ ನುಡಿಸೋಣವೆಂದರೆ ನಂಬಬಹುದಾದ ಲಿಪಿ ಸಿಗುತ್ತಿರಲಿಲ್ಲ. ಡೇವಿಡ್ ಬರ್ಗರ್ ಅವರಂಥವರು ಹಳೆಯ ಮುದ್ರಿಕೆಗಳಿಗೆ ಕಿವಿಗೊಟ್ಟು, ಹದಿನೈದು ವಾದ್ಯಗಳ ದಟ್ಟ ನಾದದೊಳಗಿಂದ ಒಂದೊಂದು ಎಳೆಯನ್ನೂ ಬೇರ್ಪಡಿಸಿ ಬರೆದಿಟ್ಟರು. 1988ರಲ್ಲಿ ಎಲಿಂಗ್ಟನ್ ಹಸ್ತಪ್ರತಿಗಳು ಸ್ಮಿತ್ಸೋನಿಯನ್ ಸಂಸ್ಥೆಯ ಪಾಲಾದ ಮೇಲೆ, ಕಿವಿಗೆ ಕೇಳಿದ್ದನ್ನು ಕೈಬರಹದ ಜೊತೆ ತಾಳೆ ನೋಡುವುದೂ ಸಾಧ್ಯವಾಯಿತು. ಇಷ್ಟೆಲ್ಲ ದುಡಿಮೆಯ ಫಲ ಇಂದು ಯಾವುದೋ ಸಣ್ಣ ಊರಿನ ಶಾಲೆಯ ಪ್ರಿಂಟರಿನಿಂದ ಹೊರಬರುತ್ತದೆ. ಈಗ ಎಲಿಂಗ್ಟನ್ ಜೊತೆಗೆ ಕೌಂಟ್ ಬೇಸಿ, ಬೆನ್ನಿ ಕಾರ್ಟರ್, ಮೇರಿ ಲೂ ವಿಲಿಯಮ್ಸ್ ಮುಂತಾದವರ ಕೃತಿಗಳೂ ಸೇರಿವೆ.

ಆ ಹಾಳೆಗಳು ಮಕ್ಕಳ ಕೈಗೆ ಬಂದಾಗ ಏನಾಗುತ್ತದೆ ಎಂಬುದಕ್ಕೆ ‘ಮೂಡ್ ಇಂಡಿಗೊ’ ಕೃತಿಯ ಅಭ್ಯಾಸವನ್ನೇ ಹೇಳುತ್ತೇನೆ. 1930ರ ಈ ಕೃತಿಯ ಆರಂಭದಲ್ಲಿ ಮೂರೇ ವಾದ್ಯಗಳಿವೆ: ಟ್ರಂಪೆಟ್, ಟ್ರಂಬೋನ್, ಕ್ಲಾರಿನೆಟ್. ಆ ಕಾಲದ ರೂಢಿಯಂತೆ ಕ್ಲಾರಿನೆಟ್ ಮೇಲಿನ ಸ್ಥಾಯಿಯಲ್ಲಿ ಹಾರಾಡಬೇಕು, ಟ್ರಂಬೋನ್ ಕೆಳಗೆ ನಿಲ್ಲಬೇಕು. ಎಲಿಂಗ್ಟನ್ ಅದನ್ನು ತಲೆಕೆಳಗು ಮಾಡಿದ. ಮ್ಯೂಟ್ (ದನಿ ತಗ್ಗಿಸಲು ವಾದ್ಯದ ಬಾಯಿಗೆ ಸಿಕ್ಕಿಸುವ ಸಾಧನ) ತೊಟ್ಟ ಟ್ರಂಪೆಟ್ ಮೇಲೆ, ಅದರ ಬೆನ್ನಿಗೇ ತನ್ನ ಎತ್ತರದ ಸ್ವರಗಳಲ್ಲಿ ಮ್ಯೂಟ್ ತೊಟ್ಟ ಟ್ರಂಬೋನ್, ಇವೆರಡಕ್ಕೂ ಬಹಳ ಕೆಳಗೆ, ಮರದ ಕೊಳವೆಯ ಗಾಢ ದನಿಯಲ್ಲಿ ಕ್ಲಾರಿನೆಟ್. ನಮ್ಮ ಮಕ್ಕಳು ಮೊದಲ ಸಲ ನುಡಿಸಿದಾಗ ಮೂರೂ ದನಿ ಮೂರು ದಿಕ್ಕಿಗೆ ಹೋದವು. ಟ್ರಂಬೋನಿಗೆ ಆ ಎತ್ತರದಲ್ಲಿ ಮೆಲ್ಲಗೆ ಊದುವುದು ಕಷ್ಟ, ಊದುವವರ ಕೆನ್ನೆ ನಡುಗುತ್ತದೆ. ಕ್ಲಾರಿನೆಟ್ ಹುಡುಗಿ ತನ್ನ ಸ್ವರ ಯಾರಿಗೂ ಕೇಳುತ್ತಿಲ್ಲವೆಂದು ಜೋರಾಗಿ ಊದುತ್ತಿದ್ದಳು. ಮೇಷ್ಟ್ರು ಮೂವರನ್ನೂ ಎಬ್ಬಿಸಿ, ಮುಖಾಮುಖಿ ಹತ್ತಿರ ನಿಲ್ಲಿಸಿ, ವಾದ್ಯ ಕೆಳಗಿಳಿಸಿ ತಮ್ಮ ತಮ್ಮ ಸಾಲನ್ನು ಹಾಡಿರೆಂದರು. ಹಾಡುವಾಗ ಮೂವರೂ ತಾವಾಗಿಯೇ ದನಿ ತಗ್ಗಿಸಿಕೊಂಡರು. ಮತ್ತೆ ವಾದ್ಯ ಎತ್ತಿದಾಗ ಆ ಮೂರು ದನಿಗಳು ಕೂಡಿ, ಯಾವ ವಾದ್ಯದ್ದೆಂದು ಗುರುತು ಹಿಡಿಯಲಾಗದ ನಾದವೊಂದು ಕೋಣೆಯಲ್ಲಿ ಎದ್ದು ನಿಂತಿತು. ಪಕ್ಕದವರನ್ನು ಕೇಳಿಸಿಕೊಂಡು ನುಡಿಸಿ ಎಂದು ವರ್ಷವಿಡೀ ಹೇಳಿದರೂ ನಾಟದ ಪಾಠವನ್ನು ಆ ಕೆಲವು ಸಾಲುಗಳು ಕಲಿಸಿದವು. ಕೃತಿಯೇ ಕಲಿಸುತ್ತದೆ ಎಂದು ನಾನು ಹೇಳುವುದು ಈ ಅರ್ಥದಲ್ಲಿ. ಸ್ಪರ್ಧೆಗೆಂದೇ ಅಳೆದು ಬರೆದ, ಜೋರುದನಿಯ, ಒಂದೇ ಅಚ್ಚಿನ ಶಾಲಾ ಸಂಗೀತ ಎಷ್ಟು ನುಡಿಸಿದರೂ ಇದನ್ನು ಕಲಿಸಲಾರದು.

ಹಿತ್ತಾಳೆ ವಾದ್ಯಗಳವರ ಪಾಠ ಇನ್ನೂ ವಿಚಿತ್ರವಾದದ್ದು. ಎಲಿಂಗ್ಟನ್ ವೃಂದದ ಬಬರ್ ಮೈಲಿ ಮತ್ತು ‘ಟ್ರಿಕಿ ಸ್ಯಾಮ್’ ನ್ಯಾಂಟನ್ ತಮ್ಮ ವಾದ್ಯಗಳಿಂದ ಮನುಷ್ಯರ ಗೊಣಗಾಟ, ಅಳು, ನಗು ಹೊರಡಿಸುತ್ತಿದ್ದರು. ಅದಕ್ಕೆ ಬೇಕಾದ ಉಪಕರಣ ಸಂಗೀತದಂಗಡಿಯಲ್ಲಿ ಅಲ್ಲ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಕಟ್ಟಿಕೊಂಡ ಕೊಳಾಯಿಯನ್ನು ಬಿಡಿಸುವ ಪ್ಲಂಜರಿನ ಹಿಡಿ ತೆಗೆದು, ರಬ್ಬರಿನ ಬಟ್ಟಲನ್ನು ಮಾತ್ರ ಇಟ್ಟುಕೊಳ್ಳಬೇಕು. ವಾದ್ಯದ ಬಾಯೊಳಗೆ ಸಣ್ಣದೊಂದು ಮ್ಯೂಟ್ ಸಿಕ್ಕಿಸಿ, ಹೊರಗಿನಿಂದ ಎಡಗೈಯಲ್ಲಿ ಈ ಬಟ್ಟಲನ್ನು ಮುಚ್ಚಿ ತೆರೆಯುತ್ತ, ಅದೇ ಹೊತ್ತಿಗೆ ಗಂಟಲಿನಿಂದ ಗುರುಗುಟ್ಟಬೇಕು. ಮೂರು ಕೆಲಸ ಒಟ್ಟಿಗೆ ಕೂಡಿ ಬಂದಾಗ ಮಾತ್ರ ಆ ದನಿ ಹುಟ್ಟುತ್ತದೆ. ಮಗಳು ಅದನ್ನು ಮನೆಯ ಗ್ಯಾರೇಜಿನಲ್ಲಿ ಕುಳಿತು ಸಾಧಿಸಿದಳು. ಬಟ್ಟಲು ಅರ್ಧ ತೆರೆದಾಗ ಒಂದು ಸ್ವರ, ಪೂರ್ತಿ ತೆರೆದಾಗ ಇನ್ನೊಂದು ಬಣ್ಣ, ಮುಚ್ಚಿದಾಗ ಶ್ರುತಿ ತುಸು ಏರುವುದರಿಂದ ಸ್ಲೈಡನ್ನು ಕೊಂಚ ಹೊರಗೆಳೆಯಬೇಕು. ಹಾಳೆಯ ಮೇಲೆ ಇದಕ್ಕಿರುವುದು ಒಂದು ಕೂಡು ಚಿಹ್ನೆ ಮತ್ತು ಒಂದು ಸೊನ್ನೆ, ಅಷ್ಟೆ.

ಸ್ವಿಂಗ್ ಎಂಬ ಜಾಝ್‌ನ ತೂಗುವ ಲಯದ ವಿಷಯದಲ್ಲೂ ಹೀಗೆಯೇ. ಅರ್ಧ ಎಣಿಕೆಯ ಎರಡು ಸ್ವರಗಳನ್ನು ಸಮವಾಗಿ ಬರೆದಿರುತ್ತಾರೆ, ನುಡಿಸುವಾಗ ಮೊದಲನೆಯದು ತುಸು ಉದ್ದ, ಎರಡನೆಯದು ತುಸು ಗಿಡ್ಡ. ಎಷ್ಟು ಉದ್ದ, ಎಷ್ಟು ಗಿಡ್ಡ ಎಂಬುದು ವೇಗಕ್ಕೆ ತಕ್ಕಂತೆ, ವಾದಕರಿಗೆ ತಕ್ಕಂತೆ ಬದಲಾಗುತ್ತದೆ. ಕರ್ನಾಟಕ ಸಂಗೀತ ಕಲಿತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತೋಡಿಯ ಗಾಂಧಾರವನ್ನು ಪುಸ್ತಕದಲ್ಲಿ ಒಂದಕ್ಷರವಾಗಿ ಬರೆಯಬಹುದು, ಅದರ ಗಮಕವನ್ನು ಗುರುವಿನ ಬಾಯಿಂದಲೇ ಕೇಳಬೇಕು. ಎಸೆನ್ಷಿಯಲಿ ಎಲಿಂಗ್ಟನ್ ಕಾರ್ಯಕ್ರಮ ಬರೀ ಹಾಳೆ ಕೊಟ್ಟು ಕೈತೊಳೆದುಕೊಳ್ಳದೆ, ಜೊತೆಗೆ ಧ್ವನಿಮುದ್ರಿಕೆ, ಅಭ್ಯಾಸದ ಟಿಪ್ಪಣಿ, ಬೋಧನೆಯ ವಿಡಿಯೊಗಳನ್ನೂ ಕೊಡುವುದು ಈ ಕಾರಣಕ್ಕೇ. ಅಂತಿಮ ಸುತ್ತಿಗೆ ಬಂದ ಶಾಲೆಗಳಿಗೆ ಪಳಗಿದ ಸಂಗೀತಗಾರರೊಬ್ಬರು ಹೋಗಿ ಮಕ್ಕಳ ಜೊತೆ ಕುಳಿತು ಪಾಠ ಹೇಳುತ್ತಾರೆ. ಮೈಕು, ಆಂಪ್ಲಿಫೈಯರುಗಳನ್ನು ಆದಷ್ಟು ದೂರವಿಡಿ, ಬಾಸ್ ವಾದಕನ ಮರದ ವಾದ್ಯದ ಸಹಜ ದನಿ ಕೇಳುವಷ್ಟು ಉಳಿದವರು ಮೆಲ್ಲಗೆ ನುಡಿಸಿ ಎಂಬ ಅವರ ಸೂಚನೆಯನ್ನು ನಾನು ತುಂಬ ಗೌರವಿಸುತ್ತೇನೆ. ಹದಿನೇಳು ಮಂದಿ ಹದಿಹರೆಯದವರು ಒಬ್ಬ ಬಾಸ್ ವಾದಕನಿಗಾಗಿ ದನಿ ತಗ್ಗಿಸುವುದನ್ನು ಕಲಿಯುವುದು ಸಣ್ಣ ಶಿಕ್ಷಣವೇನಲ್ಲ.

ಆದರೆ ಎಳೆಯರಿಗೆ ಜಾಝ್ ಕಲಿಸುವ ಪರಂಪರೆ ಲಿಂಕನ್ ಸೆಂಟರಿನಲ್ಲಿ ಹುಟ್ಟಿದ್ದಲ್ಲ, ವಿಶ್ವವಿದ್ಯಾಲಯಗಳಲ್ಲೂ ಹುಟ್ಟಿದ್ದಲ್ಲ ಎಂಬುದನ್ನು ಇಲ್ಲಿಯ ಪೋಷಕರಿಗೆ ನಾನು ಮತ್ತೆ ಮತ್ತೆ ನೆನಪಿಸಬೇಕಾಗುತ್ತದೆ. 1913ರಲ್ಲಿ ನ್ಯೂ ಆರ್ಲಿಯನ್ಸಿನ ಬಾಲಾಪರಾಧಿಗಳ ವಸತಿಗೃಹವೊಂದರಲ್ಲಿ ಪೀಟರ್ ಡೇವಿಸ್ ಎಂಬ ಶಿಕ್ಷಕರು ಲೂಯಿ ಆರ್ಮ್‌ಸ್ಟ್ರಾಂಗ್ ಎಂಬ ಹುಡುಗನನ್ನು, ಮುಂದೆ ಜಾಝ್ ದಿಗ್ಗಜನಾದವನನ್ನು, ಬ್ಯಾಂಡಿಗೆ ಸೇರಿಸಿಕೊಂಡು ಕೈಗೆ ಟ್ರಂಪೆಟ್ ಜಾತಿಯ ಕಾರ್ನೆಟ್ ಕೊಟ್ಟರು. ಎಲಿಂಗ್ಟನ್‌ಗೆ ಸ್ವರಮೇಳದ ಪಾಠ ಹೇಳಿದ ಹೆನ್ರಿ ಗ್ರಾಂಟ್, ವಾಷಿಂಗ್ಟನ್ನಿನ ಡನ್‌ಬಾರ್ ಹೈಸ್ಕೂಲಿನ ಸಂಗೀತ ಶಿಕ್ಷಕರು. ಶಿಕಾಗೋದ ದಕ್ಷಿಣ ಭಾಗದ ಡುಸಾಬಲ್ ಹೈಸ್ಕೂಲಿನಲ್ಲಿ ಕ್ಯಾಪ್ಟನ್ ವಾಲ್ಟರ್ ಡಯಟ್ ದಶಕಗಳ ಕಾಲ ಶಿಸ್ತಿನಿಂದ ಪಾಠ ಮಾಡಿದರು. ಅವರ ಕೋಣೆಯಿಂದ ಜೀನ್ ಆಮನ್ಸ್, ಜಾನಿ ಗ್ರಿಫಿನ್ ಅವರಂಥ ಸ್ಯಾಕ್ಸೊಫೋನ್ ವಾದಕರು ಹೊರಬಂದರು. ಲಾಸ್ ಏಂಜಲಿಸಿನ ಜೆಫರ್ಸನ್ ಹೈಸ್ಕೂಲಿನಲ್ಲಿ ಸ್ಯಾಮುಯೆಲ್ ಬ್ರೌನ್ ಕಲಿಸಿದವರಲ್ಲಿ ಡೆಕ್ಸ್ಟರ್ ಗಾರ್ಡನ್, ಆರ್ಟ್ ಫಾರ್ಮರ್ ಇದ್ದರು. ಬಣ್ಣದ ಕಾರಣಕ್ಕೆ ಬೇರೆ ಬಾಗಿಲುಗಳು ಮುಚ್ಚಿದ್ದ ಕಾಲದಲ್ಲಿ ಈ ಕಪ್ಪು ಶಿಕ್ಷಕರು ಸರ್ಕಾರಿ ಶಾಲೆಗಳ ಕೋಣೆಗಳಲ್ಲಿ ಕಟ್ಟಿದ ಪಾಠಶಾಲೆಗಳೇ ಈ ಕಲೆಯ ನಿಜವಾದ ಗುರುಕುಲಗಳು. ಇಂದಿನ ಕಾರ್ಯಕ್ರಮಗಳ ಪ್ರಚಾರಪತ್ರಗಳಲ್ಲಿ ಅವರ ಹೆಸರು ಅಪರೂಪವಾಗಿರುವುದು ನನಗೆ ನೋವಿನ ವಿಷಯ.

ವಿಶ್ವವಿದ್ಯಾಲಯಗಳು ಆಮೇಲೆ ಬಂದವು. ಟೆಕ್ಸಸ್ಸಿನ ಡೆಂಟನ್ನಿನಲ್ಲಿ 1947ರಲ್ಲಿ ಮೊದಲ ಜಾಝ್ ಪದವಿ ಶಿಕ್ಷಣ ಆರಂಭವಾಯಿತು. ಅಲ್ಲಿಯ ‘ಲ್ಯಾಬ್ ಬ್ಯಾಂಡು’ಗಳಿಗೆ ಇಂದಿಗೂ ಅಭ್ಯಾಸದ ವೇಳೆಯೇ ಹೆಸರು, ಒಂದು ಗಂಟೆಗೆ ಸೇರುವುದು ‘ಒನ್ ಓಕ್ಲಾಕ್’. ಒಂಟಿಯಾಗಿ ಕಲಿಯುವವರಿಗೆ 1967ರಿಂದ ಜೇಮಿ ಏಬರ್‌ಸೋಲ್ಡ್ ಹೊರತಂದ ‘ಪ್ಲೇ-ಅಲಾಂಗ್’ ಮುದ್ರಿಕೆಗಳು ಸಿಕ್ಕವು. ಪಿಯಾನೊ, ಬಾಸ್, ಡ್ರಮ್ಸ್ ಹಿನ್ನೆಲೆಯಲ್ಲಿ ನುಡಿಯುತ್ತಿರುತ್ತವೆ, ಮುಂದಿನ ಜಾಗ ಕಲಿಯುವವರಿಗೆ ಖಾಲಿ. 130ಕ್ಕೂ ಹೆಚ್ಚು ಸಂಪುಟಗಳಾದ ಈ ಸರಣಿಯ ಕೆಲಸವನ್ನು ಈಗ ಫೋನಿನ ಆ್ಯಪ್‌ಗಳು ಮಾಡುತ್ತಿವೆ. ಬಹಳ ಉಪಯುಕ್ತ ಸಾಧನಗಳು, ಅನುಮಾನವಿಲ್ಲ. ಆದರೂ ಮುದ್ರಿಕೆಯ ಡ್ರಮ್ಮರ್ ನಾವು ತಪ್ಪಿದಾಗ ಕಾಯುವುದಿಲ್ಲ, ಚೆನ್ನಾಗಿ ನುಡಿಸಿದಾಗ ಹುರುಪಿನಿಂದ ಉತ್ತರಿಸುವುದೂ ಇಲ್ಲ.

ಸಿಯಾಟಲಿನ ಕಥೆಗೆ ಬರುತ್ತೇನೆ. ಇಲ್ಲಿಯ ಎರಡು ಸರ್ಕಾರಿ ಶಾಲೆಗಳು ಈ ಸ್ಪರ್ಧೆಯ ಇತಿಹಾಸದಲ್ಲಿ ದೊಡ್ಡ ಹೆಸರು ಮಾಡಿವೆ. ರೂಸ್‌ವೆಲ್ಟ್ ಹೈಸ್ಕೂಲ್ 2002, 2007, 2008ರಲ್ಲಿ ಮೊದಲ ಸ್ಥಾನ ಪಡೆಯಿತು. ಗಾರ್ಫೀಲ್ಡ್ ಹೈಸ್ಕೂಲ್ 2003, 2004, 2009, 2010ರಲ್ಲಿ ಗೆದ್ದಿತು. ಗಾರ್ಫೀಲ್ಡ್ ಎಂದರೆ ಕ್ವಿನ್ಸಿ ಜೋನ್ಸ್ ಓದಿದ ಶಾಲೆ. ಅಲ್ಲಿಗೆ 1971ರಲ್ಲಿ ನ್ಯೂ ಆರ್ಲಿಯನ್ಸಿನಿಂದ ಬಂದ ಕ್ಲಾರೆನ್ಸ್ ಏಕಾಕ್ಸ್ 2019ರವರೆಗೆ ಅದೇ ಶಾಲೆಯಲ್ಲಿ ಕಲಿಸಿದರು. ಸುಮಾರು ಅರ್ಧ ಶತಮಾನ ಒಬ್ಬ ಶಿಕ್ಷಕ ಒಂದೇ ಕಡೆ ನಿಂತರೆ ಏನು ಬೆಳೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಈ ಗೆಲುವುಗಳಿಗೆ ಇನ್ನೊಂದು ಕಾರಣವೂ ಇದೆ, ಹೊರಗಿನವರು ಅದನ್ನು ಗಮನಿಸುವುದಿಲ್ಲ: ಹೈಸ್ಕೂಲಿಗೆ ಬರುವ ಮುಂಚೆ, ಹನ್ನೊಂದು ಹನ್ನೆರಡರ ವಯಸ್ಸಿನಲ್ಲೇ, ಗಾರ್ಫೀಲ್ಡಿಗೆ ಹೋಗುವ ಮಕ್ಕಳಿಗೆ ವಾಷಿಂಗ್ಟನ್ ಮಿಡ್ಲ್ ಸ್ಕೂಲಿನಲ್ಲಿ ರಾಬರ್ಟ್ ನ್ಯಾಟ್ ಅವರಂಥ ಗಟ್ಟಿ ಗುರು ಸಿಕ್ಕಿದ್ದರು. ಅಂತಿಮ ಸುತ್ತಿನ ವೇದಿಕೆಯಲ್ಲಿ ಚಪ್ಪಾಳೆ ಬೀಳುವುದು ಹೈಸ್ಕೂಲಿಗೆ, ತಳಪಾಯ ಹಾಕಿದವರು ಊರಿನಲ್ಲೇ ಉಳಿದಿರುತ್ತಾರೆ.

ಮೂರನೆಯ ಕಾರಣ ದುಡ್ಡು, ಮತ್ತು ಅದನ್ನು ನೇರವಾಗಿ ಹೇಳಲೇಬೇಕು. ಬ್ಯಾರಿಟೋನ್ ಸ್ಯಾಕ್ಸೊಫೋನ್ ದುಬಾರಿ, ಬಾಸ್ ಟ್ರಂಬೋನ್ ದುಬಾರಿ, ವಾರವಾರದ ಖಾಸಗಿ ಪಾಠ ಇನ್ನೂ ದುಬಾರಿ. ಬ್ಯಾಂಡನ್ನು ನ್ಯೂಯಾರ್ಕಿಗೆ ಕರೆದೊಯ್ಯುವ ಖರ್ಚನ್ನು ಪೋಷಕರ ಸಂಘಗಳು ಹರಾಜು, ಭೋಜನಕೂಟ, ಚಂದಾಗಳಿಂದ ಹೊಂದಿಸುತ್ತವೆ. ಅಂಥ ಸಂಘ ಕಟ್ಟಲು ಬಿಡುವೂ ಬಲವೂ ಇರುವ ಪೋಷಕರಿರುವ ಶಾಲೆ ಮುಂದೆ ಹೋಗುತ್ತದೆ. ಡುಸಾಬಲ್, ಜೆಫರ್ಸನ್ ಶಾಲೆಗಳ ಬಡ ಮಕ್ಕಳು ಕಟ್ಟಿದ ಕಲೆಯನ್ನು ಇಂದು ಕಲಿಯಲು ಅನುಕೂಲಸ್ಥರ ಬಡಾವಣೆಯಲ್ಲಿ ಮನೆ ಮಾಡಬೇಕಾಗಿ ಬರುವುದು ನ್ಯಾಯವಲ್ಲ. ಉಚಿತ ಹಾಳೆಗಳನ್ನು ನಾನು ಇಷ್ಟು ಎತ್ತಿ ಹಿಡಿಯುವುದು ಅವು ಈ ಅಂತರವನ್ನು ಅಳಿಸುತ್ತವೆ ಎಂದಲ್ಲ, ಆದರೆ ಕೊನೆಯ ಪಕ್ಷ ಒಂದು ಗೋಡೆಯನ್ನಾದರೂ ಕೆಡವುತ್ತವೆ. ಇದೇ ಕಾರಣಕ್ಕೆ ಕಾರ್ನೆಗಿ ಹಾಲ್ 2018ರಲ್ಲಿ ಆರಂಭಿಸಿದ ‘ಎನ್‌ವೈಒ ಜಾಝ್’ ನನಗೆ ಪ್ರಿಯ. ಟ್ರಂಪೆಟ್ ವಾದಕ ಶಾನ್ ಜೋನ್ಸ್ ಅವರ ಮಾರ್ಗದರ್ಶನದಲ್ಲಿ, ದೇಶದ ಮೂಲೆಮೂಲೆಗಳಿಂದ 16ರಿಂದ 19ರ ವಯಸ್ಸಿನ ವಾದಕರನ್ನು ಆರಿಸಿ ತರಬೇತಿ ಕೊಟ್ಟು ಪ್ರವಾಸಕ್ಕೆ ಕರೆದೊಯ್ಯುವ ಆ ಕಾರ್ಯಕ್ರಮಕ್ಕೆ ಆಯ್ಕೆಯಾದವರು ಶುಲ್ಕ ಕಟ್ಟಬೇಕಾಗಿಲ್ಲ.

ಹುಡುಗಿಯರ ವಿಷಯ ಮಗಳ ಕಾರಣದಿಂದ ನನಗೆ ಹತ್ತಿರದ್ದು. ಕೊಳಲು, ಕ್ಲಾರಿನೆಟ್ ಸಾಲುಗಳಲ್ಲಿ ತುಂಬಿರುವ ಹುಡುಗಿಯರು ಜಾಝ್ ಬ್ಯಾಂಡಿನ ಟ್ರಂಬೋನ್, ಡ್ರಮ್ಸ್ ಕಡೆಗೆ ಬರುವಷ್ಟರಲ್ಲಿ ತೆಳುವಾಗುತ್ತಾರೆ. ಹನ್ನೆರಡರ ವಯಸ್ಸಿನಲ್ಲಿ ಎದ್ದು ನಿಂತು, ಎಲ್ಲರೆದುರು ತಪ್ಪಾಗಬಹುದಾದ ಮನೋಧರ್ಮವನ್ನು ನುಡಿಸುವ ಧೈರ್ಯಕ್ಕೆ ಹುಡುಗರಿಗೆ ಸಿಗುವ ಬೆನ್ನುತಟ್ಟು ಹುಡುಗಿಯರಿಗೆ ಸಿಗುವುದಿಲ್ಲ. ನಮ್ಮ ಮೇಷ್ಟ್ರು ಟ್ರಂಬೋನ್ ಸಾಲಿಗೆ ಮೊದಲು ಕೇಳಿಸಿದ್ದು ಮೆಲ್ಬಾ ಲಿಸ್ಟನ್ ಅವರನ್ನು. ಲಾಸ್ ಏಂಜಲಿಸಿನಲ್ಲಿ ಬೆಳೆದು, ಡಿಝಿ ಗಿಲೆಸ್ಪಿಯ ದೊಡ್ಡ ವೃಂದದಲ್ಲಿ ಟ್ರಂಬೋನ್ ನುಡಿಸಿ, ರ‍್ಯಾಂಡಿ ವೆಸ್ಟನ್ ಅವರ ಕೃತಿಗಳಿಗೆ ವಾದ್ಯಸಂಯೋಜನೆ ಬರೆದ ಅವರ ಚಿತ್ರ ಈಗ ಮಗಳ ವಾದ್ಯದ ಪೆಟ್ಟಿಗೆಯ ಮುಚ್ಚಳದ ಒಳಗಿದೆ.

ಕರ್ನಾಟಕದಿಂದ ಸಂಗೀತ ಶಿಕ್ಷಕ ಮಿತ್ರರು ಆಗಾಗ ಕೇಳುವುದುಂಟು, ಇದರಲ್ಲಿ ನಮಗೇನು ದಕ್ಕುತ್ತದೆ ಎಂದು. ಸ್ಯಾಕ್ಸೊಫೋನ್ ವಿಷಯದಲ್ಲಿ ಕರಾವಳಿಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಆ ವಾದ್ಯವನ್ನು ಕೇಳಿ ಮರುಳಾದ ಕದ್ರಿ ಗೋಪಾಲನಾಥ್ ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಮೇಲೆ, ದಕ್ಷಿಣ ಕನ್ನಡದ ದೇವಸ್ಥಾನ, ಮದುವೆಗಳಲ್ಲಿ ಎಷ್ಟೋ ಯುವಕ ಯುವತಿಯರು ಅದನ್ನು ನುಡಿಸುತ್ತಾರೆ. ಗೋಪಾಲನಾಥರ ಸಂಗೀತವನ್ನು ಕೇಳಿ ಪ್ರೇರಿತರಾದ ಜಾಝ್ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಾಂತಪ್ಪ, ಕರ್ನಾಟಕ ಮೂಲದ ಕುಟುಂಬದಲ್ಲಿ ಹುಟ್ಟಿ ಕೊಲೊರಾಡೊದಲ್ಲಿ ಬೆಳೆದವರು, ಅವರ ಜೊತೆ 2008ರಲ್ಲಿ ‘ಕಿನ್ಸ್‌ಮನ್’ ಎಂಬ ಮುದ್ರಿಕೆ ಹೊರತಂದರು. ಆಮೇಲೆ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜಾಝ್ ವಿಭಾಗದ ನಿರ್ದೇಶಕರಾಗಿ ವಿದ್ಯಾರ್ಥಿ ವೃಂದಗಳ ಹೊಣೆ ಹೊತ್ತರು. ಅದಕ್ಕೂ ಮುಂಚೆ, ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಕಲಿಸಿದ್ದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಟಿ.ಎ.ಎಸ್. ಮಣಿ, ಆರ್.ಎ. ರಮಾಮಣಿ ಇವರ ಜೊತೆ ನುಡಿಸಿದ ‘ಜ್ಯೋತಿ’ 1983ರಲ್ಲಿ ಬಂತು. ಎಲಿಂಗ್ಟನ್ ವೃಂದವೂ 1963ರಲ್ಲಿ ಭಾರತಕ್ಕೆ ಬಂದಿತ್ತು. ಆ ಪ್ರವಾಸದಿಂದ ಹುಟ್ಟಿದ ‘ಫಾರ್ ಈಸ್ಟ್ ಸ್ವೀಟ್’ ಕೃತಿಗುಚ್ಛದಲ್ಲಿ ಆಗ್ರಾದ ಹೆಸರಿನ ಭಾಗವನ್ನು ಹ್ಯಾರಿ ಕಾರ್ನಿಯ ಬ್ಯಾರಿಟೋನಿಗೆ ಬರೆಯಲಾಗಿದೆ. ದಿಲ್ಲಿಯ ಮೈನಾ ಹಕ್ಕಿಯ ದನಿಯನ್ನು ಕ್ಲಾರಿನೆಟ್ ನುಡಿಯುತ್ತದೆ.

ಆ ಮಿತ್ರರಿಗೆ ನಾನು ಹೇಳುವುದು, ಹದಿನೇಳು ಮಂದಿ ಸೇರಲಿ ಎಂದು ಕಾಯಬೇಡಿ ಎಂದು. ಬೆಂಗಳೂರಿನ ಶಾಲೆಯೊಂದರಲ್ಲಿ ಒಬ್ಬ ಕೀಬೋರ್ಡ್ ನುಡಿಸುವವನು, ಒಬ್ಬ ಡ್ರಮ್ಮರ್, ಒಬ್ಬ ಬಾಸ್ ಗಿಟಾರಿನವಳು, ಒಂದು ಸ್ಯಾಕ್ಸೊಫೋನ್, ಒಂದು ಪಿಟೀಲು ಇದ್ದರೆ ಒಂದು ಕಾಂಬೊ, ಅಂದರೆ ಪುಟ್ಟ ಜಾಝ್ ತಂಡ, ಆಯಿತು. ಜಾಝ್ ಅಟ್ ಲಿಂಕನ್ ಸೆಂಟರಿನ ಬೋಧನೆಯ ವಿಡಿಯೊಗಳು ಯೂಟ್ಯೂಬಿನಲ್ಲಿ ಯಾರಿಗಾದರೂ ಸಿಗುತ್ತವೆ, ವಾದ್ಯವಾರು ಪಾಠಗಳಿವೆ. ಒಂದು ತಿಂಗಳಿಗೆ ಒಂದೇ ಕೃತಿಯನ್ನು ತೆಗೆದುಕೊಂಡು, ಮೂಲ ಮುದ್ರಿಕೆಯನ್ನು ಬಾಯಿಪಾಠವಾಗುವವರೆಗೆ ಕೇಳಿಸಿ, ಹಾಡಿಸಿ, ಆಮೇಲೆ ವಾದ್ಯ ಮುಟ್ಟಲು ಬಿಡಬೇಕು. ಹಳೆಯ ವಾದಕರ ಸೋಲೋವನ್ನು ಹಾಗೇ ಕಲಿಯುವುದು ನಕಲು ಎಂದು ಹಳಿಯುವವರಿದ್ದಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಪರರ ಹತ್ತು ಸೋಲೋ ನಾಲಿಗೆಯ ಮೇಲಿದ್ದವರಿಗೆ ಮಾತ್ರ ಹನ್ನೊಂದನೆಯದು ಸ್ವಂತದ್ದಾಗಿ ಬರುತ್ತದೆ.

ದೊಡ್ಡ ಬ್ಯಾಂಡಿನ ನಿಜವಾದ ಕೊರತೆ ಬೇರೆಯದು. ಹಾಳೆಯಲ್ಲಿ ಸೋಲೋ ಇರುವುದು ಮೊದಲ ಟೆನರ್ ಸ್ಯಾಕ್ಸೊಫೋನಿಗೆ, ಎರಡನೆಯ ಟ್ರಂಪೆಟಿಗೆ, ಪಿಯಾನೊಗೆ. ನಾಲ್ಕನೆಯ ಟ್ರಂಪೆಟ್ ಹಿಡಿದ ಹುಡುಗ ಇಡೀ ವರ್ಷ ಕಳೆದರೂ ಒಮ್ಮೆಯೂ ಎದ್ದು ನಿಲ್ಲದೆ, ಜಾಝ್ ಎಂದರೆ ಇತರರು ಮನೋಧರ್ಮ ನುಡಿಸುವಾಗ ಹಿಂದೆ ಕುಳಿತು ಲೆಕ್ಕ ಹಾಕುವುದು ಎಂದು ಕಲಿತು ಹೊರಡುತ್ತಾನೆ. ಸ್ಪರ್ಧೆಗೆ ಅಣಿಯಾಗುವ ಶಾಲೆಗಳಲ್ಲಿ ಈ ಒತ್ತಡ ಇನ್ನೂ ಹೆಚ್ಚು, ಏಕೆಂದರೆ ತೀರ್ಪುಗಾರರಿಗೆ ಕಳಿಸುವ ಮುದ್ರಿಕೆಯಲ್ಲಿ ಅಳುಕುವ ಹುಡುಗನಿಗೆ ಜಾಗ ಕೊಡಲು ಯಾವ ಮೇಷ್ಟ್ರಿಗೂ ಧೈರ್ಯ ಬರುವುದಿಲ್ಲ. ಪೋಷಕರ ಸಭೆಯಲ್ಲಿ ಈ ವಿಷಯ ಎತ್ತಿದಾಗ ಮೊದಲು ಬೆಂಬಲಿಸಿದ್ದು ನಮ್ಮ ಬ್ಯಾಂಡಿನ ಮೇಷ್ಟ್ರೇ. ಪ್ರವಾಸಕ್ಕೆಂದು ಕೂಡಿಟ್ಟ ಹಣದಲ್ಲಿ ಒಂದು ಪಾಲನ್ನು ತೆಗೆದು, ಬರುವ ಸೆಪ್ಟೆಂಬರಿನಿಂದ ವಾರಕ್ಕೊಂದು ಸಂಜೆ ಕಾಂಬೊ ಪಾಠಕ್ಕೆ ಒಬ್ಬ ವೃತ್ತಿಪರ ವಾದಕರನ್ನು ಕರೆಸುವುದೆಂದು ತೀರ್ಮಾನವಾಯಿತು. ದೊಡ್ಡ ಬ್ಯಾಂಡಿನ ಹಿಂದಿನ ಸಾಲಿನವರಿಗೆ ಅದರಲ್ಲಿ ಮೊದಲ ಆದ್ಯತೆ. ಆರಂಭದ ಆರು ವಾರ ಬಿ ಫ್ಲ್ಯಾಟಿನ ಹನ್ನೆರಡು ಬಾರ್‌ಗಳ ಬ್ಲೂಸ್ ಒಂದೇ ವಸ್ತು: ವಾದ್ಯಗಳ ಶ್ರುತಿ ಬೇರೆಬೇರೆಯಾದ್ದರಿಂದ ಹಾಳೆಯಲ್ಲಿ ಟ್ರಂಪೆಟ್, ಟೆನರ್‌ಗಳಿಗೆ ಅದು ಸಿ, ಆಲ್ಟೋಗಳಿಗೆ ಜಿ, ಟ್ರಂಬೋನಿಗೆ ಇದ್ದಂತೆಯೇ. ಪ್ರತಿಯೊಬ್ಬರೂ ಎರಡು ಸುತ್ತು ನುಡಿಸಬೇಕು, ಉಳಿದವರು ಹಿನ್ನೆಲೆಗೆ ಒಂದು ಸಣ್ಣ ರಿಫ್, ಅಂದರೆ ಮತ್ತೆ ಮತ್ತೆ ಮರಳುವ ಸ್ವರಗುಚ್ಛ, ಹೆಣೆದುಕೊಡಬೇಕು. ಆ ಸಂಜೆಗಳ ಮುದ್ರಿಕೆಯನ್ನು ಯಾವ ಸ್ಪರ್ಧೆಗೂ ಕಳಿಸುವುದಿಲ್ಲವೆಂದು ಮಕ್ಕಳಿಗೆ ಮೊದಲೇ ತಿಳಿಸಿದ್ದೇವೆ.